ಒಬ್ಬನೇ ಹುಡುಗ: ಧಾರವಾಡ, 1856

ನವ್ಯ ವಿಮರ್ಶೆ ನಮಗೆ ಬಿಟ್ಟುಹೋದ ಮಾತುಗಳಲ್ಲಿ 'ಅನಾಥಪ್ರಜ್ಞೆ', 'ಪರಕೀಯತೆ' ಎಂಬ ಎರಡು ಮಾತುಗಳು ಇನ್ನೂ ನಮ್ಮ ತರಗತಿಗಳಲ್ಲಿ ಓಡಾಡುತ್ತಿವೆ. ಬಿ.ಎ. ಓದುವಾಗ ನಾನೂ ಅವನ್ನು ಉತ್ತರಪತ್ರಿಕೆಯಲ್ಲಿ ಬರೆದು ಅಂಕ ತಗೊಂಡಿದ್ದೇನೆ. ಶಾಂತಿನಾಥ ದೇಸಾಯಿಯವರ 'ಮುಕ್ತಿ' (1961), ಅನಂತಮೂರ್ತಿಯವರ 'ಸಂಸ್ಕಾರ' (1965), ಯಶವಂತ ಚಿತ್ತಾಲರ 'ಶಿಕಾರಿ' (1979) ಇವೆಲ್ಲ ದೊಡ್ಡ ಕೃತಿಗಳೇ. ಅವುಗಳ ದೊಡ್ಡತನದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅವುಗಳ ನಾಯಕರಿಗೆಲ್ಲ ಒಂದು ಅನುಕೂಲವಿತ್ತು. ಬಿಟ್ಟು ಹೊರಡಲು ಒಂದು ಜಾಗವಿತ್ತು. ಅಗ್ರಹಾರವೋ, ಮನೆತನವೋ, ಕಂಪನಿಯ ಕುರ್ಚಿಯೋ ಯಾವುದೋ ಒಂದರ ಒಳಗೆ ನಿಂತು ಅವರು 'ನಾನು ಇಲ್ಲಿಯವನಲ್ಲ' ಎಂದುಕೊಳ್ಳಬಲ್ಲವರಾಗಿದ್ದರು.

ಒಳಗೆ ಬಿಟ್ಟುಕೊಳ್ಳದೇ ಇದ್ದವನಿಗೆ ಏನೆನ್ನಬೇಕು? ಅವನದೂ ಅನಾಥಪ್ರಜ್ಞೆಯೇ?

ನಮ್ಮ ಕೇರಿಯಲ್ಲಿ ಒಂದು ಮಾತಿದೆ. ಕಿರಾಣಿ ಅಂಗಡಿಗೆ ಹೊರಟ ಅವ್ವ "ಊರಾಗ ಹೋಗಿ ಬರ್ತೀನಿ" ಅನ್ನುತ್ತಾಳೆ. ರೇಷನ್ ಕಾರ್ಡಿನಲ್ಲಿ, ಮತದಾರರ ಪಟ್ಟಿಯಲ್ಲಿ, ಮಕ್ಕಳ ಸರ್ಟಿಫಿಕೇಟಿನಲ್ಲಿ ಅದೇ ಊರಿನ ಹೆಸರಿದೆ. ಆದರೂ ಅವ್ವ ಊರಿಗೆ 'ಹೋಗಿ' 'ಬರು'ತ್ತಾಳೆ. ಇದನ್ನು ಹೇಳುವಾಗ ಅವಳಿಗೆ ಯಾವ ಸಂಕಟವೂ ಆಗುವುದಿಲ್ಲ. ಇದು ಅವಳ ಮನಸ್ಸಿನ ಸ್ಥಿತಿಯೂ ಅಲ್ಲ, ಊರಿನ ನಕ್ಷೆ. ಹೊರಗಿನವ ಅನ್ನುವುದನ್ನು ನಾವು ಮನಃಶಾಸ್ತ್ರದಿಂದ ಶುರುಮಾಡಿದರೆ ಈ ನಕ್ಷೆ ಕಾಣುವುದಿಲ್ಲ. ಅದಕ್ಕೇ ಇತಿಹಾಸ ಪಾಠ ಮಾಡುವ ನಾನು ಇಲ್ಲಿ ಒಂದು ಕಡತದಿಂದ ಶುರುಮಾಡುತ್ತೇನೆ.

*

1856ನೆಯ ಇಸವಿ, ಜೂನ್ ತಿಂಗಳು. ಧಾರವಾಡ ಆಗ ಮುಂಬೈ ಪ್ರಾಂತದಲ್ಲಿತ್ತು. ಎರಡು ವರ್ಷದ ಹಿಂದೆ, 1854ರಲ್ಲಿ, ಚಾರ್ಲ್ಸ್ ವುಡ್ ಕಳಿಸಿದ ಶಿಕ್ಷಣದ ಆಜ್ಞಾಪತ್ರ ಬಂದಿತ್ತು. ವಿದ್ಯೆಯನ್ನು ಮೇಲಿನ ಕೆಲವರಿಗೆ ಕೊಟ್ಟರೆ ಅದು ತಾನಾಗಿ ಕೆಳಗೆ ಸೋರುತ್ತದೆ ಎಂಬ ನಂಬಿಕೆಯನ್ನು ಬದಿಗಿಟ್ಟು, ಸರಕಾರವೇ ಸಾಮಾನ್ಯರ ಶಿಕ್ಷಣದ ಹೊಣೆ ಹೊರಬೇಕು ಎಂದು ಅದು ಹೇಳಿತ್ತು. ಆ ಜೂನ್ ತಿಂಗಳಲ್ಲಿ ಧಾರವಾಡದ ಒಬ್ಬ ಮಹಾರ ಹುಡುಗ ಸರಕಾರಕ್ಕೆ ಅರ್ಜಿ ಹಾಕಿದ. ಎಲ್ಲರೂ ಕೊಡುವ ಫೀಜನ್ನು ಕೊಡಲು ತಾನು ಸಿದ್ಧನಿದ್ದರೂ ಸರಕಾರಿ ಶಾಲೆಯಲ್ಲಿ ತನ್ನನ್ನು ಸೇರಿಸಿಕೊಂಡಿಲ್ಲ ಎಂಬುದು ಅವನ ದೂರು.

ಅರ್ಜಿಯಲ್ಲಿ ಕರುಣೆಯ ಬೇಡಿಕೆಗಿಂತ ಮೊದಲು ಫೀಜಿನ ಮಾತು ಬರುವುದನ್ನು ಗೆಳೆಯರು ಗಮನಿಸಬೇಕು. ಪುಗಸಟ್ಟೆ ಏನನ್ನೂ ಅವನು ಕೇಳಲಿಲ್ಲ. ಎಲ್ಲರಿಗೂ ಇರುವ ಕರಾರಿನಲ್ಲಿ ತನ್ನನ್ನೂ ಸೇರಿಸಿಕೊಳ್ಳಿ ಎಂದ.

ಮುಂಬೈ ಸರಕಾರ ಜುಲೈನಲ್ಲಿ ನಿರ್ಣಯ ಕೊಟ್ಟಿತು. ಅದರ ಸಾರಾಂಶವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ: ಇದು ಬಹಳ ತೊಡಕಿನ ಪ್ರಶ್ನೆ. ತಾತ್ವಿಕವಾಗಿ ನ್ಯಾಯ ಹುಡುಗನ ಕಡೆಗೇ ಇದೆ, ಸಂಶಯವಿಲ್ಲ. ಆದರೆ ಒಬ್ಬನಿಗಾಗಿ ಅಥವಾ ಕೆಲವರಿಗಾಗಿ ಯುಗಯುಗದ ಪೂರ್ವಗ್ರಹಗಳಿಗೆ ಏಕಾಏಕಿ ಕೈಹಾಕಿದರೆ ಶಿಕ್ಷಣದ ಕೆಲಸಕ್ಕೇ ಧಕ್ಕೆಯಾದೀತು. ಹುಡುಗನ ಈ ಅನನುಕೂಲವನ್ನು ಸರಕಾರವೇನೂ ಹುಟ್ಟಿಸಿದ್ದಲ್ಲ. ಆದ್ದರಿಂದ ಸರಕಾರ ನಡುವೆ ಬಂದು ತಟಕ್ಕನೆ ಅದನ್ನು ತೆಗೆಯಲಾರದು. ಮರುವರ್ಷದ ಶಿಕ್ಷಣ ಇಲಾಖೆಯ ವರದಿ ಇದಕ್ಕೆ ಇನ್ನೊಂದು ಮಾತು ಸೇರಿಸಿತು. ಮೇಲುಜಾತಿಯ ಮಕ್ಕಳ ಶಾಲೆಗೆ ಸೇರಿಸಿಕೊಳ್ಳಿ ಎಂದು ಇದುವರೆಗೆ ಮುಂದೆ ಬಂದ ಮಹಾರ ಇವನೊಬ್ಬನೇ. ಒಬ್ಬನನ್ನು ಒಳಗೆ ತುರುಕಿ ಆ ಶಾಲೆ ಬಹುಸಂಖ್ಯೆಯ ಜನರಿಗೆ ಉಪಯೋಗವಿಲ್ಲದಂತೆ ಮಾಡುವುದು ಸರಿಯಲ್ಲ.

'ನಿನ್ನದು ನ್ಯಾಯ, ಆದರೆ ನೀನು ಒಬ್ಬ.' ಇಡೀ ಕಡತವನ್ನು ಹಿಂಡಿದರೆ ಉಳಿಯುವುದು ಇಷ್ಟು.

ಈ ಲೆಕ್ಕವನ್ನು ಸ್ವಲ್ಪ ಬಿಚ್ಚಿ ನೋಡಬೇಕು. ಅವನು ಒಬ್ಬನೇ ಯಾಕಾದ? ಅವನ ವಾರಗೆಯ ಮಕ್ಕಳು ದನದ ಹಿಂದೆ, ಸಗಣಿಬುಟ್ಟಿಯ ಹಿಂದೆ ಇದ್ದರು. ಬಾಗಿಲು ತೆರೆಯುವುದಿಲ್ಲ ಎಂದು ಗೊತ್ತಿರುವ ಮನೆಯ ಮುಂದೆ ಯಾರೂ ಸಾಲುಗಟ್ಟಿ ನಿಲ್ಲುವುದಿಲ್ಲ. ಬಾಗಿಲ ಹಾಕ್ಕೊಂಡು ಒಳಗ ಕೂತು, ಹೊರಗ ಎಷ್ಟು ಮಂದಿ ಅದಾರ ಅಂತ ಕಿಂಡಿಯಿಂದ ಎಣಿಸಿದರೆ ಒಬ್ಬನೇ ಕಾಣುತ್ತಾನೆ. ಮೊದಲು ಒಂಟಿ ಮಾಡುವುದು, ಆಮೇಲೆ ಆ ಒಂಟಿತನವನ್ನೇ ಬೇಡಿಕೆ ತಳ್ಳಿಹಾಕಲು ಕಾರಣ ಮಾಡುವುದು: ಹೊರಗಿನವನನ್ನು ತಯಾರಿಸುವ ವಿಧಾನ ಇದು.

ಹಾಗೆ ನೋಡಿದರೆ ಅವನು ಒಬ್ಬನೂ ಆಗಿರಲಿಲ್ಲ. ಅದೇ ಮುಂಬೈ ಪ್ರಾಂತದ ಪುಣೆಯಲ್ಲಿ ಜೋತಿಬಾ ಫುಲೆ 1848ರಲ್ಲಿ ಹುಡುಗಿಯರ ಶಾಲೆಯನ್ನು, ನಂತರ 1850ರ ದಶಕದ ಮೊದಲಲ್ಲೇ ಮಹಾರ-ಮಾಂಗ ಮಕ್ಕಳ ಶಾಲೆಗಳನ್ನು ತೆರೆದಿದ್ದರು. ಅಲ್ಲಿ ಓದಿದ ಮಾಂಗ ಜಾತಿಯ ಹುಡುಗಿ ಮುಕ್ತಾ ಸಾಳ್ವೆ, ಹದಿನಾಲ್ಕರ ಆಸುಪಾಸಿನ ವಯಸ್ಸಿನಲ್ಲಿ, ಮಾಂಗ-ಮಹಾರರ ದುಃಖದ ಬಗ್ಗೆ ಬರೆದ ಪ್ರಬಂಧ 1855ರಲ್ಲಿ 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ಧಾರವಾಡದ ಅರ್ಜಿಗೆ ಒಂದು ವರ್ಷ ಮುಂಚೆ! ಅವಳು 'ನಾನು' ಎಂದು ಗೋಳಾಡಲಿಲ್ಲ. 'ನಾವು' ಎಂದು ವಾದಿಸಿದಳು, ಧರ್ಮವನ್ನೇ ಕಟಕಟೆಗೆ ತಂದಳು. ಪುಣೆಯ ಹುಡುಗಿಗೆ ಒಂದು ಶಾಲೆ ಸಿಕ್ಕಿತ್ತು, ಜೊತೆಗಾರರು ಸಿಕ್ಕಿದ್ದರು. ಆದ್ದರಿಂದ 'ನಾವು' ಎಂಬ ಮಾತು ಅವಳ ಬಾಯಿಗೆ ಬಂತು. ಧಾರವಾಡದ ಹುಡುಗನಿಗೆ ಸಿಕ್ಕದ್ದು ಸರಕಾರದ ಕಾಗದ ಮಾತ್ರ.

ಇನ್ನೂ ಒಂದು ವಿಷಯವಿದೆ. ನಮ್ಮ ಕನ್ನಡ ಏಕೀಕರಣದ ಚರಿತ್ರೆಯಲ್ಲಿ ಧಾರವಾಡದ ಈ ಕಾಲ ಬೆಳಗಿನ ಜಾವ ಇದ್ದ ಹಾಗೆ. ಮರಾಠಿಯ ಯಜಮಾನಿಕೆಯಲ್ಲಿ ಕನ್ನಡ ಶಾಲೆಗಳನ್ನು ಕಟ್ಟಿದ ಡೆಪ್ಯುಟಿ ಚನ್ನಬಸಪ್ಪನವರ ಹೆಸರನ್ನು ನಾವು ಗೌರವದಿಂದ ಹೇಳುತ್ತೇವೆ, ಹೇಳಲೇಬೇಕು. 1890ರ ಕರ್ನಾಟಕ ವಿದ್ಯಾವರ್ಧಕ ಸಂಘಕ್ಕೆ ಬರುವ ದಾರಿ ಇದೇ. ಆದರೆ ಕನ್ನಡಕ್ಕೆ ಶಾಲೆಯಲ್ಲಿ ಜಾಗ ಸಿಗಲಿಲ್ಲ ಎಂಬ ನೋವನ್ನು ಕಣ್ಣೀರಿಟ್ಟು ಹೇಳುವ ಪಠ್ಯಪುಸ್ತಕ, ಅದೇ ಊರಿನಲ್ಲಿ ಒಬ್ಬ ಹುಡುಗನಿಗೆ ಶಾಲೆಯಲ್ಲೇ ಜಾಗ ಸಿಗಲಿಲ್ಲ ಎಂಬುದನ್ನು ನನಗೆ ಹೇಳಿಕೊಟ್ಟಿರಲಿಲ್ಲ. ಭಾಷೆ ಪರಕೀಯವಾದದ್ದು ಚರಿತ್ರೆಯಾಯಿತು, ಹುಡುಗ ಪರಕೀಯನಾದದ್ದು ಅಡಿಟಿಪ್ಪಣಿಯೂ ಆಗಲಿಲ್ಲ.

*

ಆ ಕಾಗದ ಅಲ್ಲಿಗೇ ನಿಲ್ಲಲಿಲ್ಲ. ಭಾರತ ಸರಕಾರದ ಮುಂದೆ ಹೋಯಿತು. ಮುಂಬೈ ಸರಕಾರ ಸ್ಥಳೀಯ ಸ್ಥಿತಿ ನೋಡಿ ಹಾಗೆ ಮಾಡಿರಬಹುದು, ಆದರೆ ಬಂಗಾಳದ ಸರಕಾರಿ ಶಾಲೆಯಲ್ಲಾದರೆ ಇಂಥ ಹುಡುಗನಿಗೆ ಪ್ರವೇಶ ನಿರಾಕರಿಸುತ್ತಿರಲಿಲ್ಲ ಎಂಬ ಅಭಿಪ್ರಾಯ ಅಲ್ಲಿಂದ ಬಂತು. ಕಡೆಗೆ 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ತೀರ್ಮಾನ ಹೇಳಿದರು: ಸರಕಾರದ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿವೆ; ಇದು ಇಷ್ಟವಿಲ್ಲದವರು ತಮ್ಮ ದುಡ್ಡಿನಲ್ಲಿ ತಮ್ಮದೇ ಶಾಲೆ ಕಟ್ಟಿಕೊಳ್ಳಲಿ.

ಗೆದ್ದಂತಾಯಿತಲ್ಲ? ಕಾಗದದ ಮೇಲೆ ಗೆದ್ದಂತಾಯಿತು. ಆದರೆ ಇಸವಿ ನೋಡಿರಿ. 1857ರ ದಂಗೆಯ ಬೂದಿ ಇನ್ನೂ ಆರಿರಲಿಲ್ಲ. ಧಾರವಾಡಕ್ಕೆ ಹತ್ತಿರದ ನರಗುಂದದಲ್ಲಿ ಬಾಬಾಸಾಹೇಬ ಭಾವೆ ಬಂಡೆದ್ದದ್ದೂ 1858ರಲ್ಲೇ. ಅದೇ ವರ್ಷದ ನವೆಂಬರಿನಲ್ಲಿ ರಾಣಿಯ ಘೋಷಣೆ ಹೊರಟು, ಪ್ರಜೆಗಳ ಧರ್ಮ ಆಚಾರಗಳಲ್ಲಿ ಕೈಹಾಕುವುದಿಲ್ಲ ಎಂದು ಮಾತು ಕೊಟ್ಟಿತು. ಊರಿನ ಶ್ಯಾಣ್ಯಾರಿಗೆ ಈ ಮಾತು ಅರ್ಥವಾದಷ್ಟು ಬೇಗ ಮೊದಲಿನ ತೀರ್ಮಾನ ಅರ್ಥವಾಗಲಿಲ್ಲ. ತತ್ವ ಲಂಡನ್ನಿನಲ್ಲಿ ಉಳಿಯಿತು, ಆಚಾರ ಧಾರವಾಡದಲ್ಲಿ ಉಳಿಯಿತು.

1882ರ ಹಂಟರ್ ಆಯೋಗ ಇಪ್ಪತ್ತನಾಲ್ಕು ವರ್ಷಗಳ ಮೇಲೆ ಅದೇ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡಿತು. ತತ್ವವನ್ನು ಮತ್ತೊಮ್ಮೆ ಒಪ್ಪಿತು. ಅದನ್ನು ಎಚ್ಚರಿಕೆಯಿಂದ ಜಾರಿಗೆ ತರಬೇಕು ಎಂದಿತು. ಬೇಕಾದಲ್ಲಿ ಬೇರೆ ಶಾಲೆ ತೆರೆಯಬಹುದು ಎಂದಿತು. ಆಗ ಮುಂಬೈ ಪ್ರಾಂತದ ಪ್ರಾಥಮಿಕ ಶಾಲೆಗಳಲ್ಲಿ ಕೆಳಜಾತಿ ಹಿಂದೂಗಳೆಂದು ಲೆಕ್ಕಕ್ಕೆ ಬಂದ ಮಕ್ಕಳು 2,862. ಬ್ರಾಹ್ಮಣ ಮಕ್ಕಳು 63,071. ಮಿಡ್ಲ್‌ಸ್ಕೂಲಿಗೆ ಬರುವ ಹೊತ್ತಿಗೆ ಆ 2,862 ಅನ್ನುವುದು 17ಕ್ಕೆ ಇಳಿಯುತ್ತದೆ. ಹೈಸ್ಕೂಲಿನಲ್ಲಿ ಸೊನ್ನೆ, ಕಾಲೇಜಿನಲ್ಲಿ ಸೊನ್ನೆ. ಇದು ನಮ್ಮ ಅನಾಥಪ್ರಜ್ಞೆಯ ಅಂಕಿಅಂಶ.

ಒಳಗೆ ಬಂದವರ ಕಥೆಯಾದರೂ ಏನು? ಒಳಗೆ ಬಂದವರೂ ಒಳಗಿರಲಿಲ್ಲ. ಸಾತಾರದ ಶಾಲೆಯಲ್ಲಿ ಭೀಮರಾವ್ ಎಂಬ ಹುಡುಗ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಮೂಲೆಯಲ್ಲಿ ಕೂರುತ್ತಿದ್ದ. ಸಿಪಾಯಿ ಬಂದು ನಳ ತಿರುಗಿಸಿದರೆ ನೀರು, ಸಿಪಾಯಿ ಬರದಿದ್ದರೆ ನೀರಿಲ್ಲ. ಇದು 1858ರ ತೀರ್ಮಾನವಾಗಿ ನಲವತ್ತು ವರ್ಷಗಳ ಮೇಲಿನ ಮಾತು. ಅದಕ್ಕೂ ನಲವತ್ತು ವರ್ಷ ಕೂಡಿಸಿರಿ, ನಮ್ಮ ಮುತ್ಯಾನ ಕಾಲ ಬರುತ್ತದೆ. ಅವನು ಎರಡನೇ ಇಯತ್ತೆಯವರೆಗೆ ಸಾಲಿ ಕಟ್ಟೆಯ ಮೇಲೆ ಕೂತು ಕಲಿತವನು. "ಮಾಸ್ತರ ಪಾಟಿ ಮುಟ್ಟತಿದ್ದಿಲ್ಲೋ ತಮ್ಮಾ. ನೆಲದಾಗ ಇಡ್ಸಿ, ಬಡಿಗೀಲೆ ತೋರಸಿ, ಇದು ತಪ್ಪು ಅಂತಿದ್ರು" ಎಂದು ನಗುತ್ತ ಹೇಳುತ್ತಿದ್ದ. ಮುತ್ಯಾನ ನಗೆಯನ್ನು ನಾನು ಸಹನೆ ಎಂದು ಬರೆಯಲಾರೆ. ಮಳೆ ಬಂದಾಗ ಕಟ್ಟೆಯ ಮೇಲೆ ಕೂತವರಿಗೆ ಸೂಟಿ, ಒಳಗೆ ಕೂತವರಿಗೆ ಪಾಠ. ಪರೀಕ್ಷೆ ಮಾತ್ರ ಇಬ್ಬರಿಗೂ ಒಂದೇ. ಇವತ್ತು 'ಮೆರಿಟ್' ಎಂದು ಕೂಗುವವರು ಆ ಮಳೆಯ ದಿನಗಳ ಹಾಜರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

*

ಧಾರವಾಡದ ಆ ಅರ್ಜಿಯನ್ನು ಹಂಟರ್ ವರದಿಯ ಧೂಳಿನಿಂದ ಎತ್ತಿ ನಮ್ಮ ಮುಂದಿಟ್ಟವರು ಬಾಬಾಸಾಹೇಬ ಅಂಬೇಡ್ಕರ್. 1928ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಸೈಮನ್ ಆಯೋಗಕ್ಕೆ ಸಲ್ಲಿಸಿದ ಹೇಳಿಕೆಯಲ್ಲಿ ಅವರು ಈ ಪ್ರಕರಣವನ್ನು ವಿವರವಾಗಿ ಕೊಡುತ್ತಾರೆ. ಮೇಲಿನ 2,862 ಮತ್ತು 17ರ ಲೆಕ್ಕವೂ ಅಲ್ಲಿದೆ. ಅವರು ಎತ್ತಿಕೊಟ್ಟ ಭಾಗದಲ್ಲಿ ಆ ಹುಡುಗನಿಗೆ ಹೆಸರಿಲ್ಲ, ಜಾತಿ ಮಾತ್ರ ಇದೆ. ಸರಕಾರಕ್ಕೆ ಬೇಕಾದದ್ದು ಅಷ್ಟೇ ಆಗಿತ್ತು.

ಆದರೆ ಅಂಬೇಡ್ಕರ್ ಹೇಳಿಕೆ ಕೊಟ್ಟು ಸುಮ್ಮನಾಗಲಿಲ್ಲ. ಅದೇ 1928ರಲ್ಲಿ ಅವರು ಡಿಪ್ರೆಸ್ಡ್ ಕ್ಲಾಸಸ್ ಎಜುಕೇಷನ್ ಸೊಸೈಟಿ ಕಟ್ಟಿದರು. ಹೈಸ್ಕೂಲು ಓದುವ ದಲಿತ ಹುಡುಗರಿಗಾಗಿ ಅದರ ಮೂಲಕ ನಡೆದ ಹಾಸ್ಟೆಲುಗಳಲ್ಲಿ ಪುಣೆ, ನಾಸಿಕ, ಠಾಣೆಗಳ ಜೊತೆಗೆ ಧಾರವಾಡದ್ದೂ ಒಂದು. ಎಪ್ಪತ್ತು ವರ್ಷಗಳ ಹಿಂದೆ 'ನೀನು ಒಬ್ಬನೇ' ಎಂದು ವಾಪಸು ಕಳಿಸಿದ ಅದೇ ಊರು! ಇದು ಯೋಜಿಸಿ ಮಾಡಿದ್ದೋ ತಾನಾಗಿ ಕೂಡಿಬಂದದ್ದೋ ಎಂಬ ಚರ್ಚೆ ನನಗೆ ಮುಖ್ಯವಲ್ಲ. ಉತ್ತರ ಯಾವ ಬಗೆಯದು ಎಂಬುದು ಮುಖ್ಯ.

'ನಮ್ಮನ್ನೂ ನಿಮ್ಮವರೆಂದು ಪ್ರೀತಿಸಿ' ಎಂದು ಬೇಡುವುದು ಒಂದು ದಾರಿ. ಊರು ಮನಸ್ಸು ಬದಲಿಸುವವರೆಗೆ ಹೊಸ್ತಿಲಲ್ಲಿ ನಿಂತಿರಬೇಕಾದ ದಾರಿ ಅದು. ಹಾಸ್ಟೆಲಿನ ದಾರಿ ಬೇರೆ. ಅದು 'ಒಬ್ಬ'ನನ್ನು ಇಪ್ಪತ್ತು ಜನ ಮಾಡುತ್ತದೆ. ಹತ್ತು ಹಳ್ಳಿಗಳ ಹತ್ತು ಒಂಟಿ ಹುಡುಗರು ಒಂದೇ ಕೋಣೆಯಲ್ಲಿ ಮಲಗಿದಾಗ, ತನ್ನೊಬ್ಬನದೇ ಅವಮಾನ ಎಂದುಕೊಂಡದ್ದು ಹತ್ತೂ ಹಳ್ಳಿಯಲ್ಲಿ ಅದೇ ಮಾತಿನಲ್ಲಿ, ಅದೇ ಕಪ್ಪುಬಸಿಯಲ್ಲಿ ನಡೆದಿದೆ ಎಂದು ಗೊತ್ತಾಗುತ್ತದೆ. ಸಂಕಟ ಅಲ್ಲಿಗೆ ಖಾಸಗಿಯಾಗಿ ಉಳಿಯುವುದಿಲ್ಲ, ರಾಜಕಾರಣವಾಗುತ್ತದೆ. ನಾನೂ ಸರಕಾರಿ ಹಾಸ್ಟೆಲಿನ ನೀರುಸಾರು ಉಂಡು ಬೆಳೆದವನು. ಹುಳ ಬಿದ್ದ ಅನ್ನದ ಬಗ್ಗೆ ಬೇಕಾದಷ್ಟು ಹೇಳಬಲ್ಲೆ. ಆದರೆ 'ನಾವು' ಎಂಬ ಪದವನ್ನು ನಾನು ಕಲಿತದ್ದು ಅಲ್ಲೇ, ಎಂ.ಎ. ತರಗತಿಯಲ್ಲಲ್ಲ.

ಸಂವಿಧಾನದ 29ನೆಯ ವಿಧಿಯ ಎರಡನೆಯ ಖಂಡವನ್ನು ವಿದ್ಯಾರ್ಥಿಗಳು ಒಮ್ಮೆ ಓದಬೇಕು. ಸರಕಾರ ನಡೆಸುವ, ಸರಕಾರದ ಅನುದಾನ ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಧರ್ಮ, ಜನಾಂಗ, ಜಾತಿ, ಭಾಷೆಯ ಕಾರಣಕ್ಕಾಗಿಯೇ ಯಾವ ಪೌರನಿಗೂ ಪ್ರವೇಶ ನಿರಾಕರಿಸುವಂತಿಲ್ಲ ಎನ್ನುವ ಮಾತು ಅಲ್ಲಿದೆ. ಅದನ್ನು ಓದುವಾಗಲೆಲ್ಲ ನನಗೆ ಧಾರವಾಡದ ಅರ್ಜಿ ಕಡೆಗೂ ಮಂಜೂರಾಯಿತು ಅನ್ನಿಸುತ್ತದೆ. ಒಬ್ಬ ಹುಡುಗ ಕೇಳಿದ್ದು ತೊಂಬತ್ನಾಲ್ಕು ವರ್ಷಗಳ ಮೇಲೆ, 1950ರಲ್ಲಿ, ದೇಶದ ಕಾನೂನಾಯಿತು.

*

ಬಾಗಿಲು ದಾಟಿದ್ದಾಯಿತು. ಬೆಂಚಿನ ಮೇಲೂ ಕೂತದ್ದಾಯಿತು. ಮೂರನೆಯ ಹೊಸ್ತಿಲು ಇನ್ನೂ ಇದೆ. ಒಳಗೆ ಕೂತವನು, ಒಳಗಿರುವುದು ಕಾಳೋ ಜೊಳ್ಳೋ ಎಂದು ಹೇಳಬಹುದೇ?

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬ ಅರ್ಥದ ಮಾತಾಡಿದರು. ಆ ಮಾತಿನ ಸರಿತಪ್ಪನ್ನು ವಾದಿಸಬಹುದಿತ್ತು. ವಾದಿಸಿದವರು ಕಡಿಮೆ. ಬೀದಿಯಲ್ಲಿ ಗಲಾಟೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ, ಅವರ ಹಾಸ್ಟೆಲುಗಳ ಮೇಲೆ ದಾಳಿಗಳಾದವು. ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯಿತು. ಮಾತಾಡಿದವರು ಒಬ್ಬರು ಮಂತ್ರಿ, ಹೊಡೆತ ಬಿದ್ದದ್ದು ಹಾಸ್ಟೆಲಿನ ಹುಡುಗರಿಗೆ. ಯಾಕೆ? 'ಒಬ್ಬ' ಎಲ್ಲಿ 'ನಾವು' ಆಗುತ್ತಾನೋ ಆ ಜಾಗ ಯಾವುದೆಂದು ಹೊಡೆಯುವವರಿಗೆ ಚೆನ್ನಾಗಿ ಗೊತ್ತಿತ್ತು. ದಲಿತ ಸಂಘರ್ಷ ಸಮಿತಿ ಹುಟ್ಟಿದ್ದು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಬಂದದ್ದು ಈ ಗಾಯದ ನಂತರವೇ.

ಬೂಸಾ ಪ್ರಕರಣವನ್ನು ನಾವು ಸಾಮಾನ್ಯವಾಗಿ ಚಳುವಳಿಯ ಆರಂಭ ಎಂದು ಓದುತ್ತೇವೆ. ದಲಿತ ವಿಮರ್ಶೆಯ ಆರಂಭ ಎಂದೂ ಅದನ್ನು ಓದಬೇಕೆಂಬುದು ನನ್ನ ಸೂಚನೆ. ಓದಲು ಬಿಟ್ಟದ್ದೇ ಹೆಚ್ಚು, ಬೆಲೆ ಕಟ್ಟಲು ನೀನ್ಯಾರು ಎಂಬುದು ಅಲ್ಲಿ ನಡೆದ ಜಗಳ. ಬರೆದದ್ದನ್ನು ಮೆಚ್ಚುವವನು ಅತಿಥಿಯಾಗಿರಬಹುದು. ಬೆಲೆ ಕಟ್ಟುವವನು ಮನೆಯವನೇ ಆಗಿರಬೇಕು.

ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' (1994), ಸಿದ್ಧಲಿಂಗಯ್ಯನವರ 'ಊರುಕೇರಿ' (1996) ಬಂದಾಗ ಕನ್ನಡ ಓದುಗರು ಪ್ರೀತಿಯಿಂದಲೇ ಓದಿದರು. ಆದರೆ ಆ ಪ್ರೀತಿಯೊಳಗೆ ಒಂದು ಹಂಚಿಕೆ ಅಡಗಿದೆ. 'ಎಂಥ ಅನುಭವ!' ಎಂಬ ಉದ್ಗಾರ ನಮಗೆ. ಆ ಅನುಭವಕ್ಕೆ ಅರ್ಥ ಹೇಳುವ ಕೆಲಸ ಇನ್ನೊಬ್ಬರಿಗೆ. ಗೋಪಾಲ್ ಗುರು 2002ರಲ್ಲಿ ಸಮಾಜವಿಜ್ಞಾನಗಳ ಬಗ್ಗೆ ಬರೆಯುತ್ತ ಸಿದ್ಧಾಂತ ಮಾಡುವ ಬ್ರಾಹ್ಮಣರು, ಮಾಹಿತಿ ಹೊರುವ ಶೂದ್ರರು ಎಂಬ ಈ ಒಡಕನ್ನೇ ತೋರಿಸಿದರು. ನಾನು ಅತಿಥಿ ಉಪನ್ಯಾಸಕನಾಗಿ ದುಡಿದ ಒಂದು ಕಾಲೇಜಿನ ಸ್ಟಾಫ್‌ರೂಮಿನಲ್ಲಿ, ವಸಾಹತುಶಾಹಿ ಆಡಳಿತದ ಬಗ್ಗೆ ಸೆಮಿನಾರ್ ಆಗುವಾಗ ಹಿರಿಯರೊಬ್ಬರು, "ನೀವು ನಿಮ್ಮ ಬದುಕಿನ ಬಗ್ಗೆ ಹೇಳ್ರಿ ಸರ್, ಹುಡುಗ್ರಿಗೆ ಭಾಳ ಟಚಿಂಗ್ ಆಗ್ತದ" ಅಂದರು. ಅವರ ಧ್ವನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಾನು ಕಂದಾಯದ ಬಗ್ಗೆ ಟಿಪ್ಪಣಿ ಮಾಡಿಕೊಂಡು ಹೋಗಿದ್ದೆ, ಕಂದಾಯದ ಬಗ್ಗೆಯೇ ಮಾತಾಡಿದೆ. ಈಗ ನನಗೆ ಬಾಡಿಗೆ ಮನೆ ಕೊಡುವಾಗ "ನಿಮ್ಮ ಪೈಕಿ ಯಾರ್ರೀ?" ಎಂದು ಕೇಳುವವರಿದ್ದಾರೆ, ಸ್ಟಾಫ್‌ರೂಮಿನಲ್ಲಿ "ನಿಮ್ಮ ಅನುಭವ ಹೇಳ್ರಿ" ಅನ್ನುವವರಿದ್ದಾರೆ. ಎರಡೂ ಪ್ರಶ್ನೆಗಳು ಒಂದೇ ಕಟ್ಟೆಯ ಮೇಲೆ ಕೂರಿಸುತ್ತವೆ.

*

ಇದೆಲ್ಲ ಹಳೆಯ ಕಥೆ ಎನ್ನುವವರು ಹೈದರಾಬಾದನ್ನು ನೆನೆಯಬೇಕು. ಅಲ್ಲಿನ ಕೇಂದ್ರೀಯ ವಿಶ್ವವಿದ್ಯಾಲಯದ ಐವರು ದಲಿತ ಸಂಶೋಧನಾ ವಿದ್ಯಾರ್ಥಿಗಳನ್ನು ಹಾಸ್ಟೆಲಿನಿಂದ ಹೊರಹಾಕಲಾಯಿತು. ಅವರು ಕ್ಯಾಂಪಸ್ಸಿನಲ್ಲೇ ಬಯಲಲ್ಲಿ ಗುಡಾರ ಹಾಕಿಕೊಂಡು ಮಲಗಿದರು. ಆ ಜಾಗಕ್ಕೆ 'ವೆಲಿವಾಡ' ಎಂದು ಹೆಸರಿಟ್ಟರು. ತೆಲುಗಿನಲ್ಲಿ ಊರಾಚೆಯ ಕೇರಿ ಎಂದರ್ಥ. ಐವರಲ್ಲಿ ಒಬ್ಬನಾದ ರೋಹಿತ್ ವೇಮುಲ 2016ರ ಜನವರಿ 17ರಂದು ಪ್ರಾಣ ಬಿಟ್ಟ. ಅವನ ಸಾವನ್ನು ಖಿನ್ನತೆ, ಒಂಟಿತನ ಎಂದು ಓದಿದವರು ಬಹಳ. ಆದರೆ ಹಾಸ್ಟೆಲಿನಿಂದ ತೆಗೆಯುವುದು ಎಂದರೆ 'ನಾವು' ಎಂಬುದರಿಂದ ಬಿಡಿಸಿ ಮತ್ತೆ 'ಒಬ್ಬ'ನನ್ನಾಗಿ ಮಾಡುವುದು ಎಂದು ಈ ನೂರೈವತ್ತು ವರ್ಷಗಳ ಚರಿತ್ರೆ ಹೇಳುತ್ತದೆ. ಆ ಹುಡುಗರಿಗೆ ಇದು ಗೊತ್ತಿತ್ತು. ಆದ್ದರಿಂದಲೇ ಬಯಲಿಗೆ ಸರಿಯಾದ ಹೆಸರಿಟ್ಟರು.

ಈ ಮಾತನ್ನು ನಮಗೆ ನಾವೇ ಕೇಳಿಕೊಳ್ಳಬೇಕಾದ ಕಾಲವೂ ಬಂದಿದೆ. ನಮ್ಮ 'ನಾವು' ಯಾರನ್ನು ಕಟ್ಟೆಯ ಮೇಲೆ ಕೂರಿಸಿದೆ? ಮಾದಿಗರ ಹುಡುಗ ಒಳಮೀಸಲಾತಿಯ ಮಾತೆತ್ತಿದಾಗ 'ಒಗ್ಗಟ್ಟಿಗೆ ಧಕ್ಕೆಯಾದೀತು' ಎನ್ನುವ ನಮ್ಮವರ ಮಾತಿಗೂ 'ಶಿಕ್ಷಣದ ಕೆಲಸಕ್ಕೆ ಧಕ್ಕೆಯಾದೀತು' ಎಂಬ 1856ರ ಮಾತಿಗೂ ಎಷ್ಟು ದೂರ? 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಒಳವರ್ಗೀಕರಣಕ್ಕೆ ಅವಕಾಶವಿದೆ ಎಂದು ಹೇಳಿದೆ. ಕೋರ್ಟು ಹೇಳುವ ಮೊದಲೇ ನಾವು ಹೇಳಬೇಕಾಗಿತ್ತು. ಮುಕ್ತಾ ಸಾಳ್ವೆಯ ಹೆಸರು ನಮ್ಮ ಎಷ್ಟು ಭಾಷಣಗಳಲ್ಲಿ ಬರುತ್ತದೆ? ನಮ್ಮ ಹೆಣ್ಣುಮಕ್ಕಳು ವೇದಿಕೆಗೆ ಬರುವುದು ಇನ್ನೂ ಹಾಡು ಹೇಳಲಿಕ್ಕೇ ಏಕೆ?

ಗೆಳೆಯರಿಗೆ, ಮುಖ್ಯವಾಗಿ ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಪ್ರತಿ ಊರಿನ ಹಳೆಯ ಕನ್ನಡ ಶಾಲೆಯ ಕಪಾಟಿನಲ್ಲಿ ಜನರಲ್ ರಿಜಿಸ್ಟರ್ ಇರುತ್ತದೆ. ಹೆಸರು, ತಂದೆಯ ಹೆಸರು, ಜಾತಿ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ. ಹೆಡ್‌ಮಾಸ್ತರರನ್ನು ಕೇಳಿ, ಗೆದ್ದಲು ತಿನ್ನುವ ಮೊದಲು ಅದನ್ನು ತೆಗೆಸಿರಿ. ನಿಮ್ಮ ಕೇರಿಯಿಂದ ಮೊದಲು ಸೇರಿದ ಹುಡುಗ ಯಾರು, ಯಾವ ಇಸವಿ? ಮೊದಲ ಹುಡುಗಿ ಯಾರು, ಅವನಿಗಿಂತ ಎಷ್ಟು ವರ್ಷ ತಡ? ಬಿಟ್ಟ ಕಾರಣದ ಕಾಲಮಿನಲ್ಲಿ ಏನು ಬರೆದಿದ್ದಾರೆ? ಬರೆದುಕೊಳ್ಳಿರಿ. ಹತ್ತು ಊರಿನವರು ಬರೆದುಕೊಂಡು ಒಂದು ಕಡೆ ಕೂತರೆ ನಮ್ಮದೇ ಒಂದು ಚರಿತ್ರೆಯಾಗುತ್ತದೆ. ಧಾರವಾಡದ ಹುಡುಗನಿಗೆ ಕಡತದಲ್ಲಿ ಹೆಸರು ಬರೆಯಲಿಲ್ಲ. ಅವನ ಹಿಂದೆ ಬಂದವರ ಹೆಸರುಗಳು ಆ ರಿಜಿಸ್ಟರುಗಳಲ್ಲಿ ಇವೆ, ಮಸಿಯಲ್ಲಿ, ಕ್ರಮಸಂಖ್ಯೆಯ ಸಮೇತ.